ರೋಮಿನ ಹಾಡು ಕೇಳಲು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಕಡೆಯ ಓದುಗರು ಅರ್ಧಕ್ಕೇ ನಿಲ್ಲಿಸಿ ಫೋನು ಮಾಡಿ ಕೇಳುತ್ತಾರೆ: ನಮ್ಮವರು ಆರಾಮವಾಗಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಪಡಸಾಲೆಯಲ್ಲಿ ಕುಳಿತು ಕ್ರಿಕೆಟ್ ನೋಡುತ್ತ, ಕ್ಯಾಚು ಬಿಟ್ಟವನನ್ನು ಬೈಯುತ್ತಿದ್ದಾರೆ. ಬೇರೆ ದಿನವಾಗಿದ್ದರೆ ಸದ್ದು ಕಡಿಮೆ ಮಾಡಿರೆಂದು ಕೂಗುತ್ತಿದ್ದೆ. ಜರ್ಮನಿಯಿಂದ ಬಂದ ಮೇಲೆ ಆ ಬೈಗುಳಕ್ಕೆ ಅಡ್ಡಿ ಮಾಡಲು ನನಗೆ ಮನಸ್ಸು ಬರುತ್ತಿಲ್ಲ.

ಆಖೆನ್

ನನ್ನ ತಮ್ಮ ಗಿರೀಶ ಆಖೆನ್‌ನಲ್ಲಿ ಪಾಠ ಹೇಳುತ್ತ ಅಲ್ಲೇ ನೆಲೆಸಿ ಬಹಳ ವರ್ಷಗಳಾದವು. ಅವನು ಕರೆಯುತ್ತಲೇ ಇದ್ದ, ನಾವು ಮುಂದೂಡುತ್ತಲೇ ಇದ್ದೆವು. ನಮ್ಮವರು ವಿದ್ಯುತ್ ಮಂಡಳಿಯಿಂದ, ನಾನು ಧಾರವಾಡದ ಕಾಲೇಜಿನಿಂದ ನಿವೃತ್ತರಾದ ಮೇಲೆ ನೆಪಗಳು ಮುಗಿದವು.

ನನಗೆ ಆ ಊರಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಇತಿಹಾಸ ಕಲಿಸುತ್ತಿದ್ದಾಗ ಮಧ್ಯಯುಗದ ಯುರೋಪಿನ ಪಾಠದಲ್ಲಿ ಒಂದು ಸಾಲು ಬರುತ್ತಿತ್ತು. ಆಖೆನ್‌ನಿಂದ ಆಳುತ್ತಿದ್ದ ಫ್ರಾಂಕರ ಚಕ್ರವರ್ತಿ ತನ್ನ ರಾಜ್ಯದ ಚರ್ಚುಗಳಲ್ಲೆಲ್ಲ ರೋಮಿನ ಹಾಡನ್ನೇ ಹಾಡಬೇಕೆಂದು ಅಪ್ಪಣೆ ಮಾಡಿದ ಎಂಬ ಸಂಗತಿ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ಆ ಹಾಡು ಹೇಗಿತ್ತು ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂದುಬಿಟ್ಟಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಫೋನಿನಲ್ಲಿ ಕೇಳಿದೆ. ಆದರೆ ಫೋನಿನಲ್ಲಿ ಕೇಳಿದ ಹಾಡು ಫೋಟೋದಲ್ಲಿ ನೋಡಿದ ಹೋಳಿಗೆಯಂತೆ.

ಚಕ್ರವರ್ತಿ ಕಟ್ಟಿಸಿದ ಚರ್ಚಿಗೆ ನಮ್ಮನ್ನು ಕರೆದೊಯ್ದವಳು ಗಿರೀಶನ ಮಗಳು ಮೇಘನಾ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನ್‌ನಲ್ಲಿ ಉತ್ತರಿಸಿ, ನನ್ನ ಮುಖ ನೋಡಿ, ಇಂಗ್ಲಿಷಿಗೆ ತಿರುಗಿಸುತ್ತಾಳೆ. ಅವಳ ಬಾಯಲ್ಲಿ ಮಾತಿಗೊಮ್ಮೆ ಬರುವ 'ಗೆನಾವ್' ಎಂಬ ಪದವನ್ನು ನಮ್ಮವರು ಎರಡೇ ದಿನದಲ್ಲಿ ಹಿಡಿದರು. 'ಹೌದೌದು, ಅದೇ' ಎಂದು ಅರ್ಥ. ಬೇಕರಿಯಲ್ಲಿ, ಬಸ್ಸಿನಲ್ಲಿ, ಯಾರು ಏನೇ ಅಂದರೂ ಇವರದು 'ಗೆನಾವ್'. ಇದರಿಂದಾಗಿ ಬೇಡದ ಎರಡು ಬ್ರೆಡ್ಡು ಮನೆಗೆ ಬಂದವು.

ಎಂಟು ಮೂಲೆಯ ಆ ಹಳೆಯ ಕಟ್ಟಡದಲ್ಲಿ ತಲೆಯೆತ್ತಿದರೆ ಚಿನ್ನದ ಬಣ್ಣದ ಗುಮ್ಮಟ. ನಮ್ಮ ದೇವಸ್ಥಾನದಲ್ಲಾದರೆ ಕಣ್ಣು ನೇರ ಗರ್ಭಗುಡಿಗೆ ಹೋಗುತ್ತದೆ. ಇಲ್ಲಿ ಕತ್ತು ತಾನಾಗಿ ಮೇಲೆ ಹೋಗುತ್ತದೆ. ಬೆಂಚಿನ ಮೇಲೆ ಕುಳಿತು ನಮ್ಮವರಿಗೆ ಕಥೆ ಹೇಳಿದೆ. ಆ ಕಾಲದಲ್ಲಿ ಈ ಸೀಮೆಯ ಚರ್ಚುಗಳಿಗೆ ಅವುಗಳದೇ ಹಳೆಯ ಪಠಣವಿತ್ತು. ಚಕ್ರವರ್ತಿಯ ತಂದೆಯ ಕಾಲದಿಂದಲೇ ರೋಮಿನಿಂದ ಹಾಡುಗಾರರನ್ನು ಕರೆಸುವುದು ಶುರುವಾಗಿತ್ತು. ಸ್ವರಲಿಪಿ ಇರಲಿಲ್ಲ, ಎಲ್ಲವೂ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ. ಇವರ ಗಂಟಲು ಒರಟು, ನಮ್ಮ ನಯವಾದ ತಿರುವು ಇವರಿಗೆ ಬರದು ಎಂದು ರೋಮಿನವರ ದೂರು. ಅವರು ಬೇಕೆಂದೇ ತಪ್ಪು ಕಲಿಸಿದರು ಎಂದು ಫ್ರಾಂಕರ ದೂರು. ಈ ಜಗಳದ ನಡುವೆ ಪೂರ್ತಿ ರೋಮಿನದೂ ಅಲ್ಲದ, ಹಳೆಯದೂ ಅಲ್ಲದ ಹಾಡೊಂದು ಹುಟ್ಟಿತು. ಎಂದೋ ತೀರಿಹೋಗಿದ್ದ ಒಬ್ಬ ಪೋಪ್‌ನ ಹೆಸರು ಅದಕ್ಕೆ ಅಂಟಿಕೊಂಡು ಗ್ರೆಗೋರಿಯನ್ ಆಯಿತು. ಕೆಲವು ಶತಮಾನಗಳಲ್ಲಿ ಅದು ರೋಮಿಗೇ ಹೋಗಿ, ಅಲ್ಲಿಯ ಮೂಲ ಹಾಡನ್ನೇ ಮೂಲೆಗೆ ಸರಿಸಿತು.

ನಮ್ಮವರು ಗುಮ್ಮಟ ನೋಡುತ್ತಲೇ ಕೇಳಿಸಿಕೊಂಡರು. "ಅಂದ್ರ, ರಾಜ್ಯಕ್ಕೆಲ್ಲ ಒಂದಽ ವೋಲ್ಟೇಜು ಮಾಡಬೇಕಂತ ಹೊಂಟಾನ ಅನ್ನು," ಎಂದರು. ಕಾಲೇಜಿನಲ್ಲಿ ನಾನು ಅರ್ಧ ಗಂಟೆ ಹೇಳುತ್ತಿದ್ದದ್ದು ಅಷ್ಟೇ.

ಆ ದಿನ ಅಲ್ಲಿ ಹಾಡುತ್ತಿದ್ದದ್ದು ಆರ್ಗನ್ ಜೊತೆಗಿನ ದೊಡ್ಡ ವೃಂದಗಾನ, ನಾನು ಹುಡುಕಿ ಬಂದದ್ದಲ್ಲ. ಚರ್ಚಿನಲ್ಲಿ ವಿವರ ಹೇಳುತ್ತಿದ್ದ ಹೆಂಗಸು, ಹಳೆಯ ಪಠಣವನ್ನು ದಿನನಿತ್ಯ ಹಾಡುವುದು ಕೇಳಬೇಕಿದ್ದರೆ ಗುಡ್ಡಗಳ ಕಡೆ ಒಂದು ಸನ್ಯಾಸಿನಿಯರ ಮಠವಿದೆ, ರವಿವಾರ ಮಧ್ಯಾಹ್ನದ ಪ್ರಾರ್ಥನೆಗೆ ಹೋಗಿ ಎಂದು ಹೇಳಿದಳು.

ರೈಲು ಎರಡಾದ ನಿಲ್ದಾಣ

ಗಿರೀಶ ಕಾರಿನಲ್ಲಿ ಬಿಡುತ್ತೇನೆಂದ. ನಮ್ಮವರು ಒಪ್ಪಲಿಲ್ಲ, ಜರ್ಮನಿಯ ರೈಲು ಹತ್ತಬೇಕೆಂಬ ಹಟ. ಬದಲಿಸುವ ತಾಪತ್ರಯವಿಲ್ಲ, ಒಂದೇ ರೈಲು, ಕೊನೆಯ ನಿಲ್ದಾಣದಲ್ಲಿ ಇಳಿಯಿರಿ ಎಂದು ಗಿರೀಶ ಹೇಳಿ ಹತ್ತಿಸಿದ. ಅವನು ಆ ದಾರಿಯಲ್ಲಿ ರೈಲು ಹತ್ತಿದವನೇ ಅಲ್ಲ ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ನಮ್ಮವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರೆ ಬೇಗನೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಇಲ್ಲದಿದ್ದರೆ ಸಕ್ಕರೆ ಇಳಿದು ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುವುದು. ಮನೆಯಲ್ಲಿ ಒಮ್ಮೆ ಆಗಿ ನೋಡಿದ್ದೇನೆ. ಪ್ರಾರ್ಥನೆಗೆ ಮುಂಚೆಯೇ ಊಟ ಮುಗಿಸೋಣವೆಂದು ರೈಲಿನಲ್ಲೇ ಸೂಜಿ ಹಾಕಿಕೊಂಡರು. ನಾನು ಊಟದ ಡಬ್ಬಿ ತೆಗೆದು ಚಪಾತಿ, ಬದನೆಕಾಯಿ ಪಲ್ಯ ಹಚ್ಚಿದೆ. ಕೈ ತೊಳೆಯದೆ ಉಣ್ಣುವ ಮನುಷ್ಯನಲ್ಲ. ಟಾಯ್ಲೆಟ್ಟಿನ ಬಾಗಿಲಿಗೆ 'ಡಿಫೆಕ್ಟ್' ಎಂದು ಚೀಟಿ. ನಾವು ಕುಳಿತ ರೈಲುಡಬ್ಬಿಯಿಂದ ಮುಂದಿನ ಡಬ್ಬಿಗೆ ಒಳಗಿನಿಂದ ದಾರಿಯೂ ಇಲ್ಲ. ಅಷ್ಟರಲ್ಲಿ ರೈಲು ಒಂದು ನಿಲ್ದಾಣದಲ್ಲಿ ನಿಂತಿತು, ನಿಂತೇ ಇತ್ತು.

"ಮುಂದಿನ ಡಬ್ಬ್ಯಾಗ ತೊಳಕೊಂಡು ಬರ್ತೀನಿ," ಎಂದು ಇಳಿದರು. ಕಿಟಕಿಯಿಂದ ನೋಡಿದೆ, ಪ್ಲಾಟ್‌ಫಾರ್ಮಿನ ಮೇಲೆ ನಡೆದು ಮುಂದಿನ ಡಬ್ಬಿ ಹತ್ತಿದರು.

ಮೇಲಿನ ಸ್ಪೀಕರಿನಿಂದ ಜರ್ಮನ್‌ನಲ್ಲಿ ಏನೋ ಹೇಳಿದರು. ಅದರಲ್ಲಿ 'ಟ್ಸುಗ್‌ಟೈಲುಂಗ್' ಎಂಬುದೊಂದು ಪದ ಎರಡು ಸಲ ಬಂತು, ರೈಲು ಎರಡಾಗುವುದೆಂದು ಅದರ ಅರ್ಥವಂತೆ, ಆಮೇಲೆ ತಿಳಿಯಿತು. ಒಂದು ಸಣ್ಣ ಕುಲುಕು. ಆಮೇಲೆ ಕಿಟಕಿಯ ಆಚೆ ನಮ್ಮ ರೈಲಿನ ಮುಂದಿನ ಅರ್ಧ, ನಮ್ಮನ್ನು ಅಲ್ಲೇ ಬಿಟ್ಟು, ಎಡಕ್ಕೆ ತಿರುಗಿ ಹೋಗುತ್ತಿರುವುದು ಕಾಣಿಸಿತು. ಸ್ವಲ್ಪ ಹೊತ್ತಿಗೆ ನಮ್ಮ ಅರ್ಧವೂ ಹೊರಟಿತು, ಬಲಕ್ಕೆ.

ನಾನು ಎದ್ದು ನಿಂತೆ. ಎದುರಿನ ಕೊಕ್ಕೆಯಲ್ಲಿ ಅವರ ಕೋಟು ತೂಗುತ್ತಿತ್ತು. ಅದರ ಒಂದು ಜೇಬಿನಲ್ಲಿ ಪಾಕೀಟು, ಇನ್ನೊಂದರಲ್ಲಿ ಸಕ್ಕರೆ ಇಳಿದರೆ ಬೇಕೆಂದು ಸದಾ ಇಟ್ಟುಕೊಳ್ಳುವ ಗ್ಲೂಕೋಸ್ ಬಿಸ್ಕೀಟು. ಅವರ ಫೋನಿಗೆ ಜರ್ಮನಿಯ ಸಿಮ್ ಇರಲಿಲ್ಲ, ತಮ್ಮನ ಮನೆಯ ವೈಫೈಯಲ್ಲಿ ಮಾತ್ರ ಜೀವ ಬರುತ್ತಿತ್ತು. ಹಚ್ಚಿದ ಊಟ ನನ್ನ ತೊಡೆಯ ಮೇಲೆ.

ಗಿರೀಶನಿಗೆ ಫೋನು ಮಾಡಿದೆ. "ಅಕ್ಕಾ, ಗಾಬರಿ ಆಗಬ್ಯಾಡ. ಮಾಮಾ ಇರೋದು ಕರೆಕ್ಟ್ ರೈಲಿನ್ಯಾಗ. ತಪ್ಪಿದ್ದು ನಿಂದು. ನಾ ಈಗಽ ಕಾರ್ ತಗೊಂಡು ಹೊಂಟೆ," ಎಂದ. ಇನ್ಸುಲಿನ್ ಚುಚ್ಚಿಕೊಂಡಾಗಿದೆ, ಊಟವಾಗಿಲ್ಲ ಎಂದೆ. ಅತ್ತ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಕೇಕಿನ ಅಜ್ಜಿ

ನನ್ನ ಎದುರು ಸಾಲಿನಲ್ಲಿ ಒಬ್ಬ ಅಜ್ಜಿ ತೊಡೆಯ ಮೇಲೆ ದುಂಡನೆಯ ಕೇಕಿನ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಇಷ್ಟು ಹೊತ್ತೂ ನನ್ನನ್ನು ನೋಡಿರಲಿಲ್ಲ. ಅಲ್ಲಿಯವರು ಹಾಗೆಯೇ, ಕೇಳದೆ ಯಾರ ವಿಷಯಕ್ಕೂ ತಲೆಹಾಕುವುದಿಲ್ಲ. ನಮ್ಮಲ್ಲಾಗಿದ್ದರೆ ಡಬ್ಬಿ ತುಂಬ ಜನ ಇಷ್ಟರಲ್ಲಿ ಯಾವ ಊರು, ಎಷ್ಟು ಮಕ್ಕಳು ಎಂಬಲ್ಲಿಗೆ ಮುಟ್ಟಿರುತ್ತಿದ್ದರು. ನಾನೇ ಹೋಗಿ ನನ್ನ ಇಂಗ್ಲಿಷಿನಲ್ಲಿ, ಕೋಟು ತೋರಿಸಿ, ಸೂಜಿ ಚುಚ್ಚುವಂತೆ ಕೈಯಾಡಿಸಿ ಹೇಳಿದೆ. ಅವಳ ಇಂಗ್ಲಿಷ್ ಕಡಿಮೆ. ಆದರೆ ಇನ್ಸುಲಿನ್ ಎಂಬ ಶಬ್ದ ಎಲ್ಲ ಭಾಷೆಯಲ್ಲೂ ಒಂದೇ.

ಅಜ್ಜಿಯ ಮುಖ ಬದಲಾಯಿತು. ಕೇಳಿದರೆ ಮಾತ್ರ ಸಹಾಯ ಮಾಡುವ ಆ ಜನ, ಕೇಳಿದ ಮೇಲೆ ಪೂರ್ತಿ ವಹಿಸಿಕೊಂಡುಬಿಡುತ್ತಾರೆ. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿ, ಮಠದ ಹೆಸರು ಹೇಳಿದೊಡನೆ ತನ್ನ ಫೋನು ತೆಗೆದು, ನಂಬರು ಹುಡುಕಿ ಅಲ್ಲಿಗೇ ಕರೆ ಮಾಡಿದಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, ಎರಡೂ ಕೈ ಜೋಡಿಸಿ, ಬಾಯಿ ತೆರೆದು ಹಾಡುವಂತೆ ಮಾಡಿ ತೋರಿಸಿದಳು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು. ಎಲ್ಲರೂ ಹಾಡುತ್ತಿದ್ದಾರೆ, ಫೋನು ಎತ್ತಲು ಯಾರೂ ಇಲ್ಲ.

ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಹಾಡು ಅದು. ಅದೊಂದು ಸಲ ಬೇಗ ಮುಗಿಯಲಿ ಎಂದು ಬೇಡಿಕೊಂಡೆ.

ಅಜ್ಜಿ ಮುಂದಿನ ನಿಲ್ದಾಣದಲ್ಲಿ ನನ್ನನ್ನೂ ಇಳಿಸಿಕೊಂಡಳು. ಅವಳನ್ನು ಕರೆದೊಯ್ಯಲು ಅಳಿಯ ಕಾರು ತಂದಿದ್ದ. ಇಬ್ಬರೂ ನಾಲ್ಕು ಮಾತಾಡಿದರು, ಕೇಕಿನ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಇಟ್ಟರು, ಕಾರು ಮಠದ ಕಡೆ ತಿರುಗಿತು. ಅಳಿಯನಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಒಳ್ಳೆಯ ಮನುಷ್ಯ. ಆದರೆ ದಾರಿಯ ಹಳ್ಳಿಗಳಲ್ಲಿ ಮೂವತ್ತು ಎಂದು ಬೋರ್ಡಿದ್ದರೆ ಮೂವತ್ತೇ. ರವಿವಾರ, ಎಲ್ಲ ಅಂಗಡಿಗಳಿಗೂ ಬೀಗ, ರಸ್ತೆಯಲ್ಲಿ ಒಂದು ಬೆಕ್ಕೂ ಇಲ್ಲ. ಒಂದು ಕಡೆ ರಸ್ತೆ ರಿಪೇರಿಗೆಂದು ನಿಲ್ಲಿಸಿದ್ದ ಕೆಂಪು ದೀಪಕ್ಕೆ, ಆಚೆಯಿಂದ ಯಾರೂ ಬರದಿದ್ದರೂ, ಕಾರು ನಿಲ್ಲಿಸಿ ಕಾದ. ಧಾರವಾಡದ ಆಟೋದವನು ಇಷ್ಟು ಹೊತ್ತಿಗೆ ಗಟಾರು ದಾಟಿಸಿ ಮುಟ್ಟಿಸಿರುತ್ತಿದ್ದ. ನನ್ನ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಇವರ ಕೋಟನ್ನು ಎದೆಗೆ ಒತ್ತಿ ಹಿಡಿದೆ. ಅಜ್ಜಿ ಮುಂದಿನ ಸೀಟಿನಿಂದ ಕೈ ಹಿಂದೆ ಚಾಚಿ ನನ್ನ ಮೊಣಕಾಲ ಮೇಲಿಟ್ಟಳು. ದಾರಿ ಮುಗಿಯುವವರೆಗೂ ತೆಗೆಯಲಿಲ್ಲ.

ಮಠ

ಕರಿಯ ಬಟ್ಟೆಯ ವಯಸ್ಸಾದ ಸನ್ಯಾಸಿನಿಯೊಬ್ಬಳು ಬಾಗಿಲು ತೆರೆದಳು. ನನ್ನ ಸೀರೆ ನೋಡಿದಳು, ಕೈಯಲ್ಲಿನ ಗಂಡಸರ ಕೋಟು ನೋಡಿದಳು, ಮುಖ ಅರಳಿಸಿ ಜರ್ಮನ್‌ನಲ್ಲಿ ಒಂದೇ ವಾಕ್ಯ ಹೇಳಿದಳು. ನಾನು ಅಳಿಯನ ಕಡೆ ನೋಡಿದೆ.

"ನಿಮ್ಮ ಯಜಮಾನರು ಊಟ ಮಾಡುತ್ತಿದ್ದಾರಂತೆ," ಎಂದ ಇಂಗ್ಲಿಷಿನಲ್ಲಿ.

ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಜ್ಜಿ ಪಕ್ಕದಲ್ಲಿ ಕುಳಿತು ಬೆನ್ನು ನೇವರಿಸಿದಳು. ನಾನು ಕನ್ನಡದಲ್ಲೇ ಏನೇನೋ ಹೇಳಿದೆ, ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಹೊರಡುವಾಗ ಕೇಕಿನ ಡಬ್ಬಿ ತೆರೆದು ಪ್ಲಮ್ ಹಣ್ಣಿನ ಕೇಕಿನ ದೊಡ್ಡ ತುಂಡೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಅತಿಥಿಗಳ ಕೋಣೆಯಲ್ಲಿ ನಮ್ಮವರು ಬ್ರೆಡ್ಡಿಗೆ ಜೇನುತುಪ್ಪ ಸವರಿಕೊಂಡು ತಿನ್ನುತ್ತಿದ್ದರು. ಅಂಗಿ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ನನ್ನನ್ನು ನೋಡಿದವರೇ, "ಎಲ್ಲಿ ಹೋಗಿದ್ದಿ?" ಎಂದರು, ಕಳೆದುಹೋದವಳು ನಾನು ಎಂಬಂತೆ. ಬೈಯಬೇಕೆಂದುಕೊಂಡೆ, ಆಗಲಿಲ್ಲ. ನಗು ಬಂತು, ಅದರ ಹಿಂದೆಯೇ ಅಳು.

ನಡೆದದ್ದನ್ನು ಇವರೇ ಹೇಳಿದರು. ಕೈ ತೊಳೆದು ಬಂದು ನೋಡಿದರೆ ರೈಲು ಓಡುತ್ತಿದೆ. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿನ ಡಬ್ಬಿಗೆ ಬರೋಣವೆಂದರೆ ಹಿಂದಿನ ಡಬ್ಬಿಯೇ ಇಲ್ಲ. ಮತ್ತೆ ಅದೇ ರೈಲು ಹತ್ತಿದರಂತೆ. ಕೊನೆಯ ನಿಲ್ದಾಣದಲ್ಲಿ ಇಳಿದಾಗಲೇ ಕೈ ಸಣ್ಣಗೆ ನಡುಗತೊಡಗಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಚಾಕಲೇಟು ಮಾರುವ ಯಂತ್ರವಿತ್ತು, ಗಾಜಿನ ಹಿಂದೆ ಎಲ್ಲ ಕಾಣುತ್ತಿತ್ತು, ಜೇಬು ಖಾಲಿ. ಜೊತೆಗೆ ಇಳಿದ ಒಂದಿಬ್ಬರನ್ನು ಕೇಳಬಹುದಿತ್ತು.

"ಕೇಳಲಿಕ್ಕೆ ಬಾಯಿ ಬರಲಿಲ್ಲ," ಎಂದರು. "ಅಷ್ಟರಾಗ ಗಂಟಿ ಕೇಳಿಸ್ತು. ನೀ ಎಲ್ಲಿದ್ರೂ ಆ ಹಾಡು ಕೇಳಲಿಕ್ಕೆ ಬಂದಽ ಬರ್ತಿ ಅಂತ ಗಂಟಿ ಸಪ್ಪಳದ ಹಿಂದ ಬಂದೆ."

ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತರಂತೆ. ಮುಂದೆ ಎರಡು ಸಾಲು ಸನ್ಯಾಸಿನಿಯರು ಎದುರುಬದುರು ನಿಂತು ಹಾಡುತ್ತಿದ್ದರು. ಕಲ್ಲಿನ ಕಟ್ಟಡ, ಒಳಗೆ ತಣ್ಣಗೆ, ಇವರಿಗೆ ಮಾತ್ರ ಬೆವರು ಇಳಿಯುತ್ತಿತ್ತು. ಕಣ್ಣ ಮುಂದೆ ಎರಡು ಸಾಲು ನಾಲ್ಕು ಸಾಲಾಗಿ ಕಂಡಾಗ, ಅವರಲ್ಲಿ ಒಬ್ಬಳು ಸಾಲಿನಿಂದ ಹೊರಬಂದು ತಮ್ಮ ಕಡೆಗೇ ನಡೆದು ಬರುತ್ತಿದ್ದಳು. ಆಮೇಲೆ ನೆನಪಿರುವುದು ನಾಲಿಗೆಯ ಮೇಲಿನ ಸಿಹಿ.

ಬಂದವಳು ಸಿಸ್ಟರ್ ಮೆಖ್ಟಿಲ್ಡ್. ನಮ್ಮ ಮಾತು ನಡೆದಿರುವಾಗಲೇ ಸೇಬಿನ ರಸದ ಲೋಟ ಹಿಡಿದು ಒಳಗೆ ಬಂದಳು. ಐವತ್ತರ ಆಸುಪಾಸು, ಇಂಗ್ಲಿಷ್ ನಿಧಾನ, ಸ್ಪಷ್ಟ. ಅಷ್ಟು ದೂರದಿಂದ ಹೇಗೆ ಗೊತ್ತಾಯಿತೆಂದು ಕೇಳಿದೆ. ಅವಳು ಕರಿಯ ಬಟ್ಟೆಯ ತೋಳನ್ನು ಮೇಲೆ ಸರಿಸಿ ತೋರಿಸಿದಳು. ತೋಳಿಗೆ ಬಿಳಿಯ ಗುಂಡಿಯಂಥದೊಂದು ಅಂಟಿಸಿತ್ತು, ಸಕ್ಕರೆ ಅಳೆಯುವ ಸಾಧನ. ಚಿಕ್ಕಂದಿನಿಂದ ಅವಳಿಗೂ ಇದೇ ಕಾಯಿಲೆ. ಚಳಿಯಲ್ಲಿ ಬೆವರುವ ಮನುಷ್ಯನನ್ನು ಕಂಡರೆ ನನಗೆ ಬೇರೆ ಯಾರೂ ಹೇಳಬೇಕಿಲ್ಲ ಎಂದಳು. ಅಲ್ಲಿಯವರೆಲ್ಲ ಇಟ್ಟುಕೊಳ್ಳುವ ಟ್ರೌಬೆನ್‌ತ್ಸುಕರ್ ಎಂಬ ಗ್ಲೂಕೋಸಿನ ಬಿಲ್ಲೆ ಅವಳ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಅದನ್ನೇ ಇವರ ಬಾಯಿಗಿಟ್ಟು, ತನ್ನ ಬಳಿಯಿದ್ದ ಇನ್ನೊಂದು ಯಂತ್ರದಿಂದ ಇವರ ಬೆರಳು ಚುಚ್ಚಿ ನೋಡಿ, ಸಕ್ಕರೆ ಮೇಲೇರುವವರೆಗೆ ಪಕ್ಕದಲ್ಲೇ ಕುಳಿತಿದ್ದಳು.

ನಮ್ಮಿಂದ ಪೂಜೆ ಅರ್ಧಕ್ಕೆ ನಿಂತಿತಲ್ಲ ಎಂದು ಕ್ಷಮೆ ಕೇಳಿದೆ. ಹಾಡಿನ ಪ್ರತಿ ಸಾಲನ್ನು ಮೊದಲು ಎತ್ತಿಕೊಡುವವಳು ಅವಳೇ ಎಂದು ಇವರ ಮಾತಿನಿಂದ ತಿಳಿದಿತ್ತು.

"ನಿಲ್ಲಲಿಲ್ಲವಲ್ಲ," ಎಂದಳು ಆಶ್ಚರ್ಯದಿಂದ. "ನಾನು ಬಿಟ್ಟಲ್ಲಿಂದ ಪಕ್ಕದವಳು ತೆಗೆದುಕೊಂಡಳು. ನನಗೆ ಕೆಮ್ಮು ಬಂದಾಗಲೂ ಹಾಗೆಯೇ."

ಆಮೇಲೆ ನನ್ನ ತರಗತಿಯ ಹುಡುಗಿಯ ಪ್ರಶ್ನೆ ಹೇಳಿದೆ. ಸಿಸ್ಟರ್ ಬಹಳ ಖುಷಿಪಟ್ಟಳು. ಕಪಾಟಿನಿಂದ ಒಂದು ಪುಸ್ತಕ ತಂದು ಬಿಡಿಸಿದಳು. ನಾಲ್ಕು ಗೆರೆಯ ಮೇಲೆ ಚೌಕ ಚೌಕ ಸ್ವರಗಳು, ಅವುಗಳ ಜೊತೆಗೆ ಇನ್ನೂ ಹಳೆಯ ಕಾಲದ ಕೊಂಡಿ, ಚುಕ್ಕೆ, ಗೀರುಗಳು. ಗೆರೆಗಳು ಬರುವ ಮುಂಚೆ ಇವೇ ಇದ್ದವಂತೆ. ಈ ಗೀರುಗಳು ಯಾವ ಸ್ವರ ಎಂದು ಹೇಳುವುದಿಲ್ಲ. ಸ್ವರ ಮೊದಲೇ ಬಾಯಿಪಾಠವಿದ್ದವನಿಗೆ, ಇಲ್ಲಿ ಬೇಗ ಸಾಗು, ಇಲ್ಲಿ ತುಸು ನಿಲ್ಲು ಎಂದು ನೆನಪಿಸುತ್ತವೆ ಅಷ್ಟೇ. ನಾನು ನಮ್ಮ ಊರಿನ ಸಂಗತಿ ಹೇಳಿದೆ. ಉತ್ತರದ ಸಂಗೀತ ಧಾರವಾಡಕ್ಕೆ ಬಂದು, ನಮ್ಮ ಗಂಟಲುಗಳಲ್ಲಿ ಬೆಳೆದು, ಈಗ ಅಲ್ಲಿಯವರೇ ಕಲಿಯಲು ಇಲ್ಲಿಗೆ ಬರುತ್ತಾರೆ ಎಂದು. ಹಾಗಾದರೆ ಮೂಲ ಯಾರದು ಎಂದು ನಿಮ್ಮಲ್ಲೂ ಜಗಳವಿದೆಯೇ ಎಂದು ಕೇಳಿದಳು. ಇದೆ, ಆದರೆ ಕಛೇರಿ ಶುರುವಾದ ಮೇಲೆ ಯಾರಿಗೂ ನೆನಪಿರುವುದಿಲ್ಲ ಎಂದೆ.

ಸಂಜೆಯ ಪ್ರಾರ್ಥನೆ

ಗಿರೀಶ, ಮೇಘನಾ ಬಂದಾಗ ನಾವು ಪ್ಲಮ್ ಕೇಕು ಹಂಚಿಕೊಳ್ಳುತ್ತಿದ್ದೆವು, ನಮ್ಮವರಿಗೆ ಚೂರೇ ಚೂರು. ಗಿರೀಶನ ಮುಖ ಬಿಳಿಚಿಕೊಂಡಿತ್ತು. ರೈಲು ಒಡೆಯುವುದು ತನಗೆ ಗೊತ್ತಿರಲಿಲ್ಲವೆಂದು ಮತ್ತೆ ಮತ್ತೆ ಹೇಳಿದ. ಮೇಘನಾ ಮಾತ್ರ ಯಾವ ಭಾಷೆಯಲ್ಲೂ ಮಾತಾಡದೆ ಇವರ ಪಕ್ಕ ಹೋಗಿ ಕುಳಿತು ತೋಳು ಹಿಡಿದುಕೊಂಡಳು. ಈಗಲೇ ಮನೆಗೆ ಹೋಗೋಣವೆಂದು ಗಿರೀಶ ಹೇಳಿದ. ನಮ್ಮವರು ಒಪ್ಪಲಿಲ್ಲ.

"ಸಂಜೀದು ಕೇಳೇ ಹೋಗೂಣು. ನಿಮ್ಮಕ್ಕ ಅಷ್ಟು ದೂರದಿಂದ ಬಂದಾಳ. ನಾನರ ಅರ್ಧ ಕೇಳೀನಿ, ಆಕಿ ಏನೂ ಕೇಳಿಲ್ಲ," ಎಂದರು.

ಹಾಗೆ ಕೊನೆಗೂ ಕೇಳಿದೆ. ವಾದ್ಯವಿಲ್ಲ, ತಾಳವಿಲ್ಲ. ಒಂದೇ ಸ್ವರದ ಮೇಲೆ ಮಾತು ಸಾಗುತ್ತದೆ, ಸಾಲಿನ ತುದಿಗೆ ಬಂದಾಗ ಮೆಲ್ಲಗೆ ಬಾಗುತ್ತದೆ, ಗಾಡಿ ಇಳಿಜಾರಿನಲ್ಲಿ ಇಳಿದಂತೆ. ಈ ಸಾಲಿನವರು ಒಂದು, ಆ ಸಾಲಿನವರು ಒಂದು. ಕೆಲವರ ಕಂಠ ಮುದಿಯಾಗಿದೆ, ಒಬ್ಬಳದು ಸೀಳುತ್ತದೆ, ಆದರೆ ಎಲ್ಲ ಸೇರಿದಾಗ ಒಂದೇ ಕಂಠ. ಸಿಸ್ಟರ್ ಮೆಖ್ಟಿಲ್ಡ್ ಎತ್ತಿಕೊಡುವ ಸಾಲು ನನಗೆ ಬೇಗ ಗುರುತು ಸಿಕ್ಕಿತು. ಆ ಹುಡುಗಿ ಈಗ ಎದುರು ಬಂದು ಕೇಳಿದರೂ ಹಾಡು ಹೇಗಿತ್ತೆಂದು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಕರೆದುಕೊಂಡು ಬಂದು ಪಕ್ಕದಲ್ಲಿ ಕೂಡಿಸಬೇಕು ಅಷ್ಟೇ.

ಒಂದು ಸಂಗತಿ ಮಾತ್ರ ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಡಿನ ಪ್ರತಿ ಸಾಲಿನ ನಟ್ಟನಡುವೆ ಅವರು ನಿಲ್ಲುತ್ತಾರೆ. ಅರ್ಧ ಸಾಲು ಹಾಡಿ, ಎಲ್ಲರೂ ಒಟ್ಟಿಗೆ ಸುಮ್ಮನಾಗಿ, ಆಮೇಲೆ ಉಳಿದರ್ಧ. ಮೊದಲ ಸಲ ಯಾರೋ ಮರೆತರೆಂದು ಗಾಬರಿಯಾದೆ. ನಮ್ಮ ಭಜನೆಯಲ್ಲಿ ಹೀಗೆ ಖಾಲಿ ಬಿಡುವುದೇ ಇಲ್ಲ, ಸಂದು ಸಿಕ್ಕರೆ ಯಾರಾದರೂ ತಾಳ ಹೊಡೆದು ತುಂಬಿಬಿಡುತ್ತಾರೆ. ಇಲ್ಲಿ ಆ ಮೌನಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಮೇಣದ ಬತ್ತಿ ಚಿಟಕ್ ಅಂದದ್ದೂ ಕೇಳಿಸುತ್ತದೆ.

ಎರಡನೆಯ ಕೀರ್ತನೆಯ ಹೊತ್ತಿಗೆ ಆ ಮೌನದಲ್ಲಿ ಇನ್ನೊಂದು ಸದ್ದು ಗುರುತಿಸಿದೆ. ನಮ್ಮವರ ಉಸಿರು. ಮಧ್ಯಾಹ್ನದ ದಣಿವಿಗೆ ತೂಕಡಿಸುತ್ತಿದ್ದರು, ತಲೆ ನನ್ನ ಭುಜಕ್ಕೆ ಒರಗಿತ್ತು. ಬೇರೆಯವರ ಪೂಜೆಯಲ್ಲಿ ನಿದ್ದೆ ಮಾಡಬಾರದೆಂದು ಎಬ್ಬಿಸಹೋದವಳು ಕೈ ಹಿಂದೆ ತೆಗೆದುಕೊಂಡೆ. ಸಾಲು ಅರ್ಧಕ್ಕೆ ಬಂತು, ನಿಂತಿತು. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಆಮೇಲೆ ಅವರು ಉಳಿದರ್ಧ ಎತ್ತಿಕೊಂಡರು.